ರಕ್ಕಸತಂಗಡಿಯ ಯುದ್ಧವೂ ಪಂಡಿತರ ಮತಭೇದವೂ

ಯುದ್ಧಗಳ ಕಾರಣವನ್ನು ಕುರಿತು ಬಲ್ಲವರೆಲ್ಲರೂ ಒಂದೇ ಮಾತನ್ನು ಹೇಳುವುದು ಅಪೂರ್ವ. ಯುರೋಪಿನಲ್ಲಿ ೧೯೧೪ನೆಯ ಇಸವಿಯಲ್ಲಿ ಆರಂಭವಾದ ಮಹಾಯುದ್ಧವನ್ನೇ ಉದಾಹರಣೆಗಾಗಿ ತೆಗೆದುಕೊಳ್ಳಬಹುದು. ಅದಕ್ಕೆ ಸಂಬಂಧಪಟ್ಟ ಕಾಗದಪತ್ರಗಳು ರಾಶಿರಾಶಿಯಾಗಿ ಉಳಿದಿವೆ. ಅದನ್ನು ನಡೆಸಿದ ಮಂತ್ರಿಗಳೂ ಸೇನಾನಿಗಳೂ ತಮ್ಮ ತಮ್ಮ ಸಮರ್ಥನೆಗಳನ್ನು ಗ್ರಂಥರೂಪವಾಗಿ ಬರೆದಿಟ್ಟು ಹೋಗಿದ್ದಾರೆ. ಹೀಗಿದ್ದರೂ ಆ ಅನರ್ಥಕ್ಕೆ ಹೊಣೆಗಾರರು ಯಾರೆಂಬ ಪ್ರಶ್ನೆಗೆ ಉತ್ತರಗಳು ಹಲವು. ೧೯೧೯ರ ವರ್ಸೇಲ್ಸ್ ಕೌಲಿನಲ್ಲಿ ಗೆದ್ದವರು ಜರ್ಮನಿಯ ಮೇಲೂ ಅದರ ಮಿತ್ರರ ಮೇಲೂ ಹೊಣೆಯನ್ನು ಹೊರಿಸಿದರು. ೧೯೬೧ರಲ್ಲಿ ಫ್ರಿಟ್ಸ್ ಫಿಷರ್ ಎಂಬ ಜರ್ಮನ್ ಇತಿಹಾಸಕಾರರೇ ತಮ್ಮ ದೇಶದ ನಾಯಕರ ರಾಜ್ಯತೃಷ್ಣೆಯನ್ನು ಎತ್ತಿ ತೋರಿಸಿದರು. ೨೦೧೨ರಲ್ಲಿ ಕ್ರಿಸ್ಟೊಫರ್ ಕ್ಲಾರ್ಕ್ ಎಂಬ ವಿದ್ವಾಂಸರು, ಎಲ್ಲ ರಾಜಧಾನಿಗಳವರೂ ನಿದ್ದೆಯಲ್ಲಿ ನಡೆಯುವವರಂತೆ ಆ ಪ್ರಪಾತಕ್ಕೆ ಬಂದು ಬಿದ್ದರೆಂದು ವಾದಿಸಿದರು.

ಇಷ್ಟು ಸಾಧನಸಾಮಗ್ರಿಯಿರುವ ಯುದ್ಧದ ಗತಿಯೇ ಹೀಗಾದರೆ, ನಾಲ್ಕೂವರೆ ಶತಮಾನಗಳಿಗೂ ಹಿಂದೆ ನಮ್ಮ ಕೃಷ್ಣಾತೀರದಲ್ಲಿ ನಡೆದ ಒಂದು ಯುದ್ಧದ ವಿಷಯದಲ್ಲಿ ಮತಭೇದವಿರುವುದು ಆಶ್ಚರ್ಯವಲ್ಲ. ೧೫೬೫ನೆಯ ಇಸವಿ ಜನವರಿ ತಿಂಗಳಲ್ಲಿ ವಿಜಯನಗರದ ಅಳಿಯ ರಾಮರಾಯನಿಗೂ ದಖ್ಖನದ ನಾಲ್ವರು ಸುಲ್ತಾನರಿಗೂ ನಡೆದ ಕಾಳಗವನ್ನೇ ನಾವು ಹೇಳುತ್ತಿರುವುದು. ಶ್ರೋತೃಗಳಲ್ಲಿ ಅನೇಕರು ಹಂಪೆಯನ್ನು ನೋಡಿರುವರು. ನೋಡಿದವರ ಮನಸ್ಸಿನಲ್ಲಿ ಎರಡು ಪ್ರಶ್ನೆಗಳು ಏಳದೆ ಇರವು: ಇಂಥ ಪಟ್ಟಣ ಹಾಳಾದುದೇಕೆ? ಹಾಳುಮಾಡಿದವರು ಯಾರು? ಈ ಪ್ರಶ್ನೆಗಳಿಗೆ ಜನರಲ್ಲಿ ಸಿದ್ಧವಾದ ಉತ್ತರವೊಂದುಂಟು. ಆ ಉತ್ತರವು ಎಷ್ಟರ ಮಟ್ಟಿಗೆ ನಿಲ್ಲುವುದೆಂಬುದನ್ನು ಪಂಡಿತರ ಅಭಿಪ್ರಾಯಗಳನ್ನು ಒಂದಕ್ಕೊಂದು ಹೋಲಿಸಿ ವಿಚಾರಿಸುವುದು ಈ ಭಾಷಣದ ಉದ್ದೇಶ.

ಇಲ್ಲಿ ಒಂದು ವಿಶೇಷವನ್ನು ಮೊದಲೇ ಗಮನಿಸಬೇಕು. ಯುದ್ಧವು ನಮ್ಮದು, ಆದರೆ ಅದರ ಕಥೆಯನ್ನು ಬರೆದವರಲ್ಲಿ ಬಹುಮಂದಿ ಪರದೇಶೀಯರು. ಒಬ್ಬನು ವೆನಿಸ್ಸಿನ ವರ್ತಕ. ಒಬ್ಬನು ಗೋವೆಯಲ್ಲಿದ್ದ ಪೋರ್ತುಗೀಸ್ ಚರಿತ್ರೆಗಾರ. ಒಬ್ಬನು ಕ್ಯಾಸ್ಪಿಯನ್ ಸಮುದ್ರದ ತೀರದಲ್ಲಿ ಹುಟ್ಟಿ ದಖ್ಖನಕ್ಕೆ ಬಂದ ಪಾರಸೀಕ ವಿದ್ವಾಂಸ. ಅನಂತರದ ಕಾಲದಲ್ಲಿ ಇಂಗ್ಲಿಷ್ ಅಧಿಕಾರಿ, ಸ್ಪೇನ್ ದೇಶದ ಪಾದ್ರಿ, ಅಮೇರಿಕದ ಪ್ರಾಧ್ಯಾಪಕರು. ಇವರಿಗೆಲ್ಲ ಇದು ಹೊರನಾಡಿನ ಯುದ್ಧ. ಹೊರಗಿನವರ ಕಣ್ಣಿಗೆ ಕೆಲವು ಸಂಗತಿಗಳು ನಮಗಿಂತ ಸ್ಪಷ್ಟವಾಗಿ ಕಾಣುವುದುಂಟು. ಕೆಲವು ಕಾಣದೆಯೇ ಹೋಗುವುದೂ ಉಂಟು. ಆದಕಾರಣ ಅವರ ಮಾತನ್ನು ಪೂರ್ತಿಯಾಗಿ ನಂಬುವುದೂ ಪೂರ್ತಿಯಾಗಿ ತಳ್ಳಿಹಾಕುವುದೂ ಯುಕ್ತವಲ್ಲ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಎಂಬುದು ನಮ್ಮ ಗಾದೆ. ಕಾಣದೆ ಕೇಳಿ ಬರೆದುದನ್ನಂತೂ ಇನ್ನೂ ಹೆಚ್ಚಾಗಿ ಪ್ರಮಾಣಿಸಿ ನೋಡಬೇಕಷ್ಟೆ.

ಮೊದಲು ಎಲ್ಲರೂ ಒಪ್ಪತಕ್ಕ ಸಂಗತಿಗಳನ್ನು ಸಂಗ್ರಹವಾಗಿ ಹೇಳಿಬಿಡುವೆವು. ಕೃಷ್ಣದೇವರಾಯನ ಅಳಿಯನಾದ ರಾಮರಾಯನು, ಸದಾಶಿವರಾಯನನ್ನು ಹೆಸರಿಗೆ ಸಿಂಹಾಸನದಲ್ಲಿ ಕುಳ್ಳಿರಿಸಿ, ಇಪ್ಪತ್ತು ವರ್ಷಗಳಿಗಿಂತ ಹೆಚ್ಚು ಕಾಲ ರಾಜ್ಯಸೂತ್ರವನ್ನು ತಾನೇ ನಡೆಸಿದನು. ಬಿಜಾಪುರ, ಅಹಮದ್‌ನಗರ, ಗೋಲ್ಕೊಂಡ ಮತ್ತು ಬೀದರಿನ ಸುಲ್ತಾನರು ತಮ್ಮ ತಮ್ಮ ಕಲಹಗಳನ್ನು ಬದಿಗಿಟ್ಟು ೧೫೬೪ರ ಕೊನೆಯಲ್ಲಿ ಅವನ ಮೇಲೆ ದಂಡೆತ್ತಿ ಬಂದರು. ಸಾಮಾನ್ಯವಾಗಿ ಒಪ್ಪಿರುವ ಲೆಕ್ಕದಂತೆ ೧೫೬೫ನೆಯ ಜನವರಿ ೨೩ರಂದು ಕಾಳಗವಾಯಿತು. ವೃದ್ಧನಾದ ರಾಮರಾಯನು ಸೆರೆಸಿಕ್ಕಿದನು. ಅಹಮದ್‌ನಗರದ ಹುಸೇನ್ ನಿಜಾಮ್ ಶಾಹನ ಬಳಿಯಲ್ಲಿ ಅವನ ಶಿರಚ್ಛೇದವಾಯಿತು. ಸೇನೆ ಚದರಿತು. ರಾಮರಾಯನ ತಮ್ಮ ತಿರುಮಲನು ಸದಾಶಿವರಾಯನನ್ನೂ ಭಂಡಾರವನ್ನೂ ಕರೆದುಕೊಂಡು ಪೆನುಕೊಂಡೆಯ ಕಡೆಗೆ ಹೊರಟುಹೋದನು. ಗೆದ್ದ ಸೇನೆಗಳು ರಾಜಧಾನಿಯನ್ನು ಹೊಕ್ಕು ಕೆಲವು ತಿಂಗಳು ಅಲ್ಲಿ ನಿಂತು ಕೊಳ್ಳೆಹೊಡೆದುವು.

ಇನ್ನು ಭೇದವು ಸ್ಥಳನಾಮದಿಂದಲೇ ಮೊದಲಾಗುತ್ತದೆ. ಶಾಲೆಯ ಪುಸ್ತಕಗಳಲ್ಲಿ ಇದಕ್ಕೆ ತಾಳಿಕೋಟೆಯ ಯುದ್ಧವೆಂದು ಹೆಸರು. ತಾಳಿಕೋಟೆಯಾದರೋ ಕೃಷ್ಣೆಗೆ ಎಷ್ಟೋ ಮೈಲಿ ಉತ್ತರದಲ್ಲಿ, ಡೋಣಿ ನದಿಯ ದಡದಲ್ಲಿದೆ. ಸುಲ್ತಾನರ ಸೇನೆಗಳು ಕೂಡಿ ಬೀಡುಬಿಟ್ಟ ಠಾವು ಅದು. ರಕ್ಕಸಗಿ, ತಂಗಡಗಿ ಎಂಬ ಎರಡು ಹಳ್ಳಿಗಳ ಹೆಸರನ್ನು ಕೂಡಿಸಿ ನಮ್ಮವರು ರಕ್ಕಸತಂಗಡಿಯ ಯುದ್ಧವೆಂದರು. ರಾಬರ್ಟ್ ಸೀವೆಲ್ಲರು ಸೇನೆಗಳು ಹಾಯ್ದ ಕಡವನ್ನು ಲೆಕ್ಕಹಾಕಿ, ಕಾಳಗವು ನದಿಯ ದಕ್ಷಿಣಕ್ಕೆ ಮುದಗಲ್ಲಿನ ದಾರಿಯಲ್ಲಿ ನಡೆದಿರಬೇಕೆಂದು ಊಹಿಸಿದರು. ಗೋಲ್ಕೊಂಡದ ಇತಿಹಾಸವನ್ನು ಬರೆದ ಹಾರೂನ್ ಖಾನ್ ಶೇರ್ವಾನಿಯವರು ಬನ್ನಿಹಟ್ಟಿಯ ಯುದ್ಧವೆಂಬ ಹೆಸರೇ ಸರಿಯೆಂದು ೧೯೫೭ರಲ್ಲಿ ವಾದಿಸಿದರು. ಈ ಭೇದವು ಅಷ್ಟು ದೊಡ್ಡದಲ್ಲ; ಎರಡು ಲಕ್ಷಗಳನ್ನು ಮೀರಿದ ಜನ ಹಲವು ದಿನ ಹತ್ತಾರು ಮೈಲಿಗಳ ಬಯಲಿನಲ್ಲಿ ಸುಳಿದಾಡಿದರೆಂದು ಹೇಳುವ ಯುದ್ಧಕ್ಕೆ ಒಂದೇ ಊರಿನ ಹೆಸರು ಸಾಲದು. ಆದರೆ ಹೆಸರೊಂದನ್ನು ಒಮ್ಮೆ ಅಚ್ಚುಹಾಕಿದ ಮೇಲೆ ಅದನ್ನು ತಿದ್ದುವುದು ಎಷ್ಟು ಕಷ್ಟವೆಂಬುದಕ್ಕೆ ಇದು ದೃಷ್ಟಾಂತ. ಹೆಸರಿನ ಗತಿಯೇ ಹೀಗಾದರೆ ಕಾರಣದ ಗತಿಯನ್ನು ಹೇಳಬೇಕೆ?

ಈಗ ಸಾಕ್ಷಿಗಳ ಬಳಿಗೆ ಬರೋಣ. ನಮ್ಮ ತಾರ್ಕಿಕರು ಪ್ರತ್ಯಕ್ಷ, ಅನುಮಾನ, ಶಬ್ದ ಎಂದು ಪ್ರಮಾಣಗಳನ್ನು ಬೇರೆಬೇರೆಯಾಗಿ ಎಣಿಸಿದ್ದಾರೆ. ಒಬ್ಬನೇ ಮನುಷ್ಯನು ಒಂದು ವಿಷಯದಲ್ಲಿ ಪ್ರತ್ಯಕ್ಷಸಾಕ್ಷಿಯೂ ಇನ್ನೊಂದರಲ್ಲಿ ಬರಿಯ ಕೇಳಿದವನೂ ಆಗಿರಬಹುದು. ಸೀಸರ್ ಫ್ರೆಡರಿಕ್ ಎಂಬ ವೆನಿಸ್ಸಿನ ವರ್ತಕನು ಅಂಥವನು. ಯುದ್ಧವಾದ ಎರಡು ವರ್ಷಗಳ ಮೇಲೆ, ೧೫೬೭ರಲ್ಲಿ, ಅವನು ವಿಜಯನಗರಕ್ಕೆ ಬಂದನು. ದಾರಿಗಳಲ್ಲಿ ಕಳ್ಳರ ಭಯವಿದ್ದುದರಿಂದ ಏಳು ತಿಂಗಳು ಅಲ್ಲಿಯೇ ಉಳಿಯಬೇಕಾಯಿತು. ಯುದ್ಧದ ವಿಷಯದಲ್ಲಿ ಅವನು ಹೇಳುವುದೇನೆಂದರೆ, ರಾಮರಾಯನ ಸೇವೆಯಲ್ಲಿದ್ದ ಇಬ್ಬರು ಮುಸಲ್ಮಾನ ಸರದಾರರು ಕಾಳಗದ ಮಧ್ಯದಲ್ಲಿ ತಮ್ಮ ದಂಡಿನೊಡನೆ ತಿರುಗಿಬಿದ್ದರು, ಅದರಿಂದಲೇ ಸೋಲಾಯಿತು ಎಂದು. ಪಟ್ಟಣದ ವಿಷಯದಲ್ಲಿ ಅವನು ಹೇಳುವುದು, ಅದು ಪೂರ್ತಿಯಾಗಿ ನಾಶವಾಗಿರಲಿಲ್ಲ, ಮನೆಗಳು ಇನ್ನೂ ನಿಂತಿದ್ದುವು, ಆದರೆ ಬರಿದಾಗಿದ್ದುವು, ಅವುಗಳಲ್ಲಿ ಕಾಡುಮೃಗಗಳು ಸೇರಿಕೊಂಡಿದ್ದುವು ಎಂದು.

ಈ ಎರಡು ಮಾತುಗಳ ತೂಕ ಒಂದೇ ಅಲ್ಲ. ಮೊದಲನೆಯದು ಸೋತ ಪಟ್ಟಣದ ಬೀದಿಗಳಲ್ಲಿ ಎರಡು ವರ್ಷಗಳಿಂದ ಹಬ್ಬಿದ್ದ ಸುದ್ದಿ. ಸೋತವರಿಗೆ ದ್ರೋಹದ ಕಥೆಯು ಒಂದು ಬಗೆಯ ಸಮಾಧಾನ. ಅದರಲ್ಲಿ ನಿಜಾಂಶವಿರಬಹುದು, ಆದರೆ ಫ್ರೆಡರಿಕನು ಅದನ್ನು ಕಂಡವನಲ್ಲ. ಎರಡನೆಯದು ಅವನು ಏಳು ತಿಂಗಳು ಕಣ್ಣಾರ ನೋಡಿದ ಸಂಗತಿ. ಅದರಲ್ಲಿ ಅವನಿಗೆ ಸುಳ್ಳು ಹೇಳುವ ಪ್ರಯೋಜನವೇನೂ ಇಲ್ಲ. ವಿಚಿತ್ರವೆಂದರೆ, ನಮ್ಮ ಕಥೆಗಳಲ್ಲಿ ಅವನು ಕೇಳಿದುದೇ ಪ್ರಸಿದ್ಧವಾಯಿತು, ಕಂಡುದು ಮರೆತುಹೋಯಿತು.

ಮುಹಮ್ಮದ್ ಕಾಸಿಂ ಫೆರಿಸ್ತಾ ಎರಡನೆಯ ಸಾಕ್ಷಿ. ಇವನು ಅಹಮದ್‌ನಗರದಲ್ಲಿ ಬೆಳೆದು, ೧೫೮೯ರಲ್ಲಿ ಬಿಜಾಪುರಕ್ಕೆ ಬಂದು, ಹದಿನೇಳನೆಯ ಶತಮಾನದ ಆದಿಯಲ್ಲಿ ತನ್ನ ದೊಡ್ಡ ಚರಿತ್ರೆಯನ್ನು ಬಿಜಾಪುರದ ಸುಲ್ತಾನನ ಆಶ್ರಯದಲ್ಲಿ ರಚಿಸಿದನು. ಯುದ್ಧವನ್ನು ಇವನು ಕಣ್ಣಾರ ಕಂಡವನಲ್ಲ. ಇವನು ಹೇಳುವಂತೆ, ೧೫೫೮ರ ಸುಮಾರಿಗೆ ಬಿಜಾಪುರದ ಮಿತ್ರನಾಗಿ ಅಹಮದ್‌ನಗರದ ಸೀಮೆಗೆ ನುಗ್ಗಿದ ರಾಮರಾಯನ ಸೇನೆಯವರು ಮಸೀದಿಗಳಿಗೆ ಅವಮಾನ ಮಾಡಿದರು. ಅದರಿಂದ ಕೆರಳಿ ಸುಲ್ತಾನರು ಒಂದಾದರು. ಕಾಳಗದ ವರ್ಣನೆಯಲ್ಲಿ ಇವನು ದ್ರೋಹದ ಮಾತನ್ನೆತ್ತುವುದಿಲ್ಲ; ನಿಜಾಮ್ ಶಾಹನ ಸರದಾರನಾದ ರೂಮಿಖಾನನು ಆರುನೂರು ತೋಪುಗಳನ್ನು ಮೂರು ಸಾಲಾಗಿ ನಿಲ್ಲಿಸಿ, ತಾಮ್ರದ ನಾಣ್ಯಗಳನ್ನು ಚೀಲಗಳಲ್ಲಿ ತುಂಬಿ ಹಾರಿಸಿದನೆಂದೂ, ಅದರಿಂದ ರಾಮರಾಯನ ಪಡೆ ಮುರಿಯಿತೆಂದೂ ಹೇಳುತ್ತಾನೆ. ಗೆದ್ದವರಿಗೆ ತಮ್ಮ ಶೌರ್ಯವೂ ಯುಕ್ತಿಯೂ ಕಾರಣವೆನ್ನುವುದು ಸಹಜ. ಸೋತವರಿಗೆ ದ್ರೋಹವು ಕಾರಣವೆನ್ನುವುದು ಸಹಜ. ಫೆರಿಸ್ತಾನಿಗಿಂತ ಮೊದಲೇ ಅಹಮದ್‌ನಗರದ ಆಸ್ಥಾನದಲ್ಲಿ ಬರೆದ ಸಯ್ಯದ್ ಅಲಿ ತಬಾತಬಾ ತನ್ನ ಒಡೆಯರ ಮನೆತನಕ್ಕೇ ಮುಖ್ಯ ಕೀರ್ತಿಯನ್ನು ಕೊಡುತ್ತಾನೆ. ಆಸ್ಥಾನದ ಲೇಖನಿಗೆ ಆಸ್ಥಾನದ ಋಣವಿರುತ್ತದೆ.

ಮೂರನೆಯವನು ಗೋವೆಯ ದಿಯೋಗೊ ದು ಕೌಟೊ. ಇವನು ಕೊಡುವ ಸಂಖ್ಯೆಗಳು ಬೆರಗುಹುಟ್ಟಿಸತಕ್ಕುವು: ರಾಮರಾಯನ ಕಡೆ ಆರು ಲಕ್ಷ ಕಾಲಾಳು, ಒಂದು ಲಕ್ಷ ಕುದುರೆ. ರಾಮರಾಯನ ವಯಸ್ಸು ತೊಂಬತ್ತಾರೆಂದು ಇವನ ಮತ. ಎಪ್ಪತ್ತೆಂದು ಫೆರಿಸ್ತಾನ ಮತ. ಒಬ್ಬ ಪ್ರಖ್ಯಾತ ಪುರುಷನ ವಯಸ್ಸಿನಲ್ಲಿಯೇ ಇಪ್ಪತ್ತಾರು ವರ್ಷಗಳ ಅಂತರವಿರುವಾಗ, ರಣರಂಗದ ತಲೆಗಳನ್ನು ಎಣಿಸಿದವರಾರು? ಆದರೆ ಕೌಟೊ ಇನ್ನೊಂದು ಮಾತನ್ನು ಹೇಳುತ್ತಾನೆ: ವಿಜಯನಗರದ ಸೋಲಿನಿಂದ ಗೋವೆಯ ವ್ಯಾಪಾರ, ಮುಖ್ಯವಾಗಿ ಕುದುರೆಗಳ ಮತ್ತು ಬೆಲೆಯುಳ್ಳ ಬಟ್ಟೆಗಳ ವ್ಯಾಪಾರ, ಕುಗ್ಗಿಹೋಯಿತು. ಸುಂಕದ ಹಣ ಕಡಿಮೆಯಾದುದನ್ನು ಪೋರ್ತುಗೀಸರು ಚೆನ್ನಾಗಿ ಬಲ್ಲವರು. ಈ ಮಾತು ನಂಬತಕ್ಕದ್ದು.

ಹೀಗೆ ಒಬ್ಬೊಬ್ಬ ಸಾಕ್ಷಿಯನ್ನು ಅವನು ನಿಂತಿದ್ದ ಸ್ಥಳದಿಂದ ಏನು ಕಾಣುತ್ತಿತ್ತೋ ಆ ವಿಷಯದಲ್ಲಿ ನಂಬಿ, ಉಳಿದುದರಲ್ಲಿ ಸಂದೇಹವಿಟ್ಟುಕೊಳ್ಳುವುದೇ ವಿವೇಕದ ಮಾರ್ಗ. ಆಧುನಿಕ ಪಂಡಿತರ ವಿಷಯದಲ್ಲಿಯೂ ಇದೇ ನ್ಯಾಯ.

ಆಧುನಿಕರಲ್ಲಿ ಮೊದಲು ಸ್ಮರಿಸತಕ್ಕವರು ಸೀವೆಲ್ಲರು. ಮದರಾಸು ಸಂಸ್ಥಾನದ ಸಿವಿಲ್ ಸರ್ವಿಸಿಗೆ ಸೇರಿ ಬಳ್ಳಾರಿಯಲ್ಲಿ ಕಲೆಕ್ಟರಾಗಿದ್ದ ಇವರು ೧೯೦೦ರಲ್ಲಿ ತಮ್ಮ ಪ್ರಸಿದ್ಧ ಗ್ರಂಥವನ್ನು ಪ್ರಕಟಿಸಿ, ಪೇಸ್ ಮತ್ತು ನೂನಿಜ್ ಎಂಬ ಪೋರ್ತುಗೀಸರ ಬರೆಹಗಳನ್ನು ಇಂಗ್ಲಿಷಿಗೆ ತಂದರು. ಮರೆತುಹೋಗಿದ್ದ ಸಾಮ್ರಾಜ್ಯವನ್ನು ವಿದ್ಯಾವಂತರ ನೆನಪಿಗೆ ತಂದುಕೊಟ್ಟ ಉಪಕಾರವು ಅವರದು. ಆದರೆ ಅವರು ಯುದ್ಧದ ಕಥೆಯನ್ನು ಬಹುಮಟ್ಟಿಗೆ ಫೆರಿಸ್ತಾನಿಂದ ತೆಗೆದುಕೊಂಡರು. ವಿಜಯನಗರವನ್ನು ಮುಸಲ್ಮಾನರ ವಿಸ್ತಾರಕ್ಕೆ ಅಡ್ಡಲಾಗಿ ನಿಂತ ಹಿಂದೂ ಕೋಟೆಯೆಂಬಂತೆ ಕಂಡರು. ೧೫೬೫ ಎಂದರೆ ಆ ಕೋಟೆ ಬಿದ್ದ ದಿನ. ಈ ಚಿತ್ರವು ಸರಳವೂ ಕರುಣಾಜನಕವೂ ಆಗಿದ್ದುದರಿಂದ ಬೇಗ ಹರಡಿತು.

ಅದು ನಮ್ಮವರಿಗೂ ಹಿಡಿಸಿತು. ೧೯೧೭ರಲ್ಲಿ ಆಲೂರ ವೆಂಕಟರಾಯರು ಕನ್ನಡಿಗರ ಗತವೈಭವವನ್ನು ಕುರಿತು ಬರೆದಾಗ, ನಾಲ್ಕಾರು ಆಡಳಿತಗಳಲ್ಲಿ ಹಂಚಿಹೋಗಿದ್ದ ಕನ್ನಡಿಗರಿಗೆ ತಾವು ಒಂದು ಕಾಲದಲ್ಲಿ ದೊಡ್ಡವರಾಗಿದ್ದೆವೆಂಬ ಅರಿವು ಬೇಕಾಗಿತ್ತು. ೧೯೩೬ರಲ್ಲಿ ವಿಜಯನಗರದ ಆರನೆಯ ಶತಮಾನೋತ್ಸವವನ್ನು ಹಂಪೆಯಲ್ಲಿ ನಡೆಸಿ, ಧಾರವಾಡದಿಂದ ಸ್ಮಾರಕಗ್ರಂಥವನ್ನು ಹೊರಡಿಸಿದರು. ಎಸ್. ಕೃಷ್ಣಸ್ವಾಮಿ ಅಯ್ಯಂಗಾರ್, ಬಿ.ಎ. ಸಾಲೆತೊರೆ ಮೊದಲಾದ ವಿದ್ವಾಂಸರು ಶಾಸನಗಳನ್ನೂ ಕಾವ್ಯಗಳನ್ನೂ ಶೋಧಿಸಿ, ಪರದೇಶೀಯರ ಬರೆಹಗಳಲ್ಲಿ ಇಲ್ಲದ ಎಷ್ಟೋ ಸಂಗತಿಗಳನ್ನು ಬೆಳಕಿಗೆ ತಂದರು. ಆದರೆ ಧರ್ಮರಕ್ಷಣೆಗಾಗಿ ನಿಂತ ರಾಜ್ಯವೆಂಬ ಭಾವನೆ ಇವರಲ್ಲಿ ಇನ್ನೂ ದೃಢವಾಯಿತು. ಈ ಮಧ್ಯೆ ಮುಂಬಯಿಯ ಪಾದ್ರಿ ಹೆರಾಸರು ೧೯೨೭ರಲ್ಲಿ ಅರವೀಡು ವಂಶದ ಇತಿಹಾಸವನ್ನು ಬರೆದು, ಸಾಮ್ರಾಜ್ಯವು ೧೫೬೫ರಲ್ಲಿ ಮುಗಿಯಲಿಲ್ಲವೆಂಬುದನ್ನು ಸಿದ್ಧಪಡಿಸಿದರು. ಪೆನುಕೊಂಡೆಯಲ್ಲಿಯೂ ಚಂದ್ರಗಿರಿಯಲ್ಲಿಯೂ ರಾಯರು ಆಳಿದರು; ಎರಡನೆಯ ವೆಂಕಟಪತಿರಾಯನು ೧೬೧೪ರ ವರೆಗೆ ಬದುಕಿದ್ದನು. ಕೋಟೆ ಬಿತ್ತೆನ್ನುವ ಚಿತ್ರಕ್ಕೆ ಇದು ಮೊದಲನೆಯ ದೊಡ್ಡ ತಿದ್ದುಪಡಿ.

ಇತ್ತೀಚಿನ ಪಂಡಿತರಲ್ಲಿ ಅಮೇರಿಕದ ರಿಚರ್ಡ್ ಈಟನ್ ಮತ್ತು ಫಿಲಿಪ್ ವ್ಯಾಗನರ್ ಇವರ ಅಭಿಪ್ರಾಯವು ಬೇರೆ ದಿಕ್ಕಿನದು. ವ್ಯಾಗನರರು ೧೯೯೬ರಲ್ಲಿ ರಾಯರ ಉಡುಪು ಬಿರುದುಗಳನ್ನು ಪರಿಶೀಲಿಸಿ, ವಿಜಯನಗರದ ಆಸ್ಥಾನವು ಸುಲ್ತಾನರ ನಡೆನುಡಿಗಳನ್ನು ಧಾರಾಳವಾಗಿ ಸ್ವೀಕರಿಸಿತ್ತೆಂದು ತೋರಿಸಿದರು. ಬುಕ್ಕರಾಯನ ಕಾಲದಿಂದ ಬಂದ ‘ಹಿಂದೂರಾಯ ಸುರತ್ರಾಣ’ ಎಂಬ ಬಿರುದೇ ಅದಕ್ಕೆ ಸಾಕ್ಷಿ. ಸುರತ್ರಾಣನೆಂದರೆ ಸುಲ್ತಾನನಲ್ಲದೆ ಬೇರೆಯಲ್ಲ. ೨೦೦೫ರಲ್ಲಿ ಈಟನ್ನರು, ೨೦೧೪ರಲ್ಲಿ ಇಬ್ಬರೂ ಕೂಡಿ, ರಾಮರಾಯನ ರಾಜನೀತಿಯನ್ನು ವಿವರಿಸಿದರು. ಅವರ ಮತದಲ್ಲಿ ಕಲಹದ ಕೇಂದ್ರವು ಕಲ್ಯಾಣ. ಚಾಲುಕ್ಯರ ಆ ಹಳೆಯ ರಾಜಧಾನಿಯ ಹೆಸರಿನಲ್ಲಿ ದಖ್ಖನದ ಒಡೆತನದ ಗೌರವವಿತ್ತು. ರಾಮರಾಯನು ಅದಕ್ಕಾಗಿ ಸುಲ್ತಾನರನ್ನು ಒಬ್ಬರ ಮೇಲೊಬ್ಬರನ್ನು ಎತ್ತಿಕಟ್ಟಿದನು.

ಹಾಗಾದರೆ ಇದು ಮತಯುದ್ಧವೇ, ಅಲ್ಲವೇ? ನಮ್ಮ ಮೊದಲನೆಯ ವಿಚಾರ ಇದು. ಕೆಲವು ಸಂಗತಿಗಳನ್ನು ಎದುರಿಗಿಟ್ಟುಕೊಂಡು ನೋಡೋಣ. ರಾಮರಾಯನು ತಾರುಣ್ಯದಲ್ಲಿ ಗೋಲ್ಕೊಂಡದ ಸುಲ್ತಾನನ ಸೇವೆಯಲ್ಲಿದ್ದನೆಂದು ಗೋಲ್ಕೊಂಡದ ಒಂದು ಚರಿತ್ರೆ ಹೇಳುತ್ತದೆ. ಅವನ ಸೇನೆಯಲ್ಲಿ ಮುಸಲ್ಮಾನ ರಾವುತರಿದ್ದರು. ಸುಲ್ತಾನರ ಸೇನೆಗಳಲ್ಲಿ ಮರಾಠರೂ ತೆಲುಗು ನಾಯಕವಾಡಿಗಳೂ ಇದ್ದರು. ಗೋಲ್ಕೊಂಡದ ಇಬ್ರಾಹಿಂ ಕುತುಬ್ ಶಾಹನು, ೧೫೬೫ರಲ್ಲಿ ವಿಜಯನಗರದ ಮೇಲೆ ಬಂದವನೇ, ತನ್ನ ಯೌವನದಲ್ಲಿ ಪ್ರಾಣಭಯದಿಂದ ಓಡಿಬಂದು ಏಳು ವರ್ಷ ಅದೇ ವಿಜಯನಗರದಲ್ಲಿ ಆಶ್ರಯ ಪಡೆದಿದ್ದನು. ಬಿಜಾಪುರದ ಅಲಿ ಆದಿಲ್ ಶಾಹನು ಪುತ್ರಶೋಕದಲ್ಲಿದ್ದ ರಾಮರಾಯನನ್ನು ಸಂತೈಸಲು ತಾನಾಗಿ ಬಂದನೆಂದೂ, ರಾಮರಾಯನ ಪತ್ನಿಯು ಅವನನ್ನು ಮಗನೆಂದು ಕರೆದಳೆಂದೂ ಫೆರಿಸ್ತಾನೇ ಹೇಳುತ್ತಾನೆ.

ಸುಲ್ತಾನರ ಐಕ್ಯವಾದರೂ ಎಂಥದು? ಅದು ಮದುವೆಗಳಿಂದಲೂ ಕೋಟೆಗಳ ಬಳುವಳಿಯಿಂದಲೂ ಹೊಲಿದ ಐಕ್ಯ. ಅಹಮದ್‌ನಗರದ ಚಾಂದಬೀಬಿಯನ್ನು ಅಲಿ ಆದಿಲ್ ಶಾಹನಿಗೆ ಕೊಟ್ಟು, ಸೊಲ್ಲಾಪುರದ ಕೋಟೆಯನ್ನು ವರದಕ್ಷಿಣೆಯಾಗಿ ಒಪ್ಪಿಸಿದರು; ಅಲಿಯ ತಂಗಿಯನ್ನು ಅಹಮದ್‌ನಗರದ ರಾಜಕುಮಾರನಿಗೆ ತಂದುಕೊಂಡರು. ಬೇರಾರಿನ ಸುಲ್ತಾನನು, ಅಹಮದ್‌ನಗರದ ಮೇಲಿದ್ದ ಹಳೆಯ ದ್ವೇಷದಿಂದ, ಈ ಕೂಟಕ್ಕೆ ಸೇರಲೇ ಇಲ್ಲ. ಮತವೊಂದೇ ಕಾರಣವಾಗಿದ್ದರೆ ಅವನು ಹೊರಗೆ ನಿಲ್ಲುತ್ತಿದ್ದನೆ? ಗೆದ್ದ ಮೇಲೆ ಎರಡು ಮೂರು ವರ್ಷಗಳೊಳಗಾಗಿ ಅದೇ ಸುಲ್ತಾನರು ಮತ್ತೆ ತಮ್ಮತಮ್ಮಲ್ಲಿ ಹೊಡೆದಾಡಿದರು. ರಾಮರಾಯನ ಮಗನೇ ತನ್ನ ಚಿಕ್ಕಪ್ಪನಾದ ತಿರುಮಲನಿಗೆ ವಿರೋಧವಾಗಿ ಬಿಜಾಪುರದ ನೆರವನ್ನು ಬೇಡಿದನು. ತಿರುಮಲನ ಕಡೆಯವರು ಅಹಮದ್‌ನಗರದ ನೆರವನ್ನು ಬೇಡಿದರು. ಮತಯುದ್ಧದಲ್ಲಿ ತಂದೆಯನ್ನು ಕಳೆದುಕೊಂಡ ಮಗನು ಹೀಗೆ ನಡೆಯುವುದು ಸಂಭವವೇ?

ಆದುದರಿಂದ ಕಾರಣದ ವಿಷಯದಲ್ಲಿ ಈಟನ್ ವ್ಯಾಗನರರ ಪಕ್ಷವು ಬಲವಾದುದೆಂದು ನಮಗೆ ತೋರುತ್ತದೆ. ಆದರೆ ಇಲ್ಲಿ ಒಂದು ಎಚ್ಚರಿಕೆ ಬೇಕು. ಮತವು ಕಾರಣವಲ್ಲವೆಂದರೆ ಮತಕ್ಕೆ ಸಂಬಂಧವೇ ಇಲ್ಲವೆಂದಾಗುವುದಿಲ್ಲ. ಗೆದ್ದವರು ತಮ್ಮ ಗೆಲವನ್ನು ಮತದ ಗೆಲವೆಂದು ಬರೆಯಿಸಿದರು. ಸೇನೆಯನ್ನು ಹುರಿದುಂಬಿಸಲು ಆ ಭಾಷೆ ಒದಗಿತು. ವಿಠ್ಠಲಸ್ವಾಮಿಯ ಗುಡಿಯಲ್ಲಿ ವಿಗ್ರಹವಿಲ್ಲದೆ ಬರಿದಾದ ಗರ್ಭಗೃಹವನ್ನು ಕಂಡ ಭಕ್ತನಿಗೆ, ಇದು ಕಲ್ಯಾಣದ ಕೋಟೆಗಾಗಿ ಆದ ಜಗಳವೆಂದು ಹೇಳಿದರೆ ಅವನ ನೋವು ಕಡಿಮೆಯಾಗುವುದಿಲ್ಲ. ಯುದ್ಧವನ್ನು ಹೂಡಿದವರ ಉದ್ದೇಶ ಬೇರೆ, ಯುದ್ಧದಲ್ಲಿ ನೊಂದವರ ಅನುಭವ ಬೇರೆ. ಒಂದನ್ನು ಹೇಳಲು ಇನ್ನೊಂದನ್ನು ಮುಚ್ಚುವುದು ಇತಿಹಾಸವಲ್ಲ.

ಎರಡನೆಯ ವಿಚಾರ, ಸೋಲಿಗೆ ಕಾರಣವೇನೆಂಬುದು. ದ್ರೋಹವೇ, ತೋಪುಗಳೇ, ರಾಜನೀತಿಯೇ? ಇವು ಮೂರು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರಗಳೆಂಬುದನ್ನು ಗಮನಿಸಿದರೆ ಅರ್ಧ ವಿವಾದ ತಾನಾಗಿ ಕರಗುತ್ತದೆ. ಆ ಮಧ್ಯಾಹ್ನ ಪಡೆ ಏಕೆ ಮುರಿಯಿತೆಂದು ಕೇಳಿದರೆ ತೋಪುಗಳನ್ನೂ, ನಿಜವಾಗಿದ್ದರೆ ದ್ರೋಹವನ್ನೂ, ಹೇಳಬೇಕು. ನಾಯಕನೊಬ್ಬನು ಬಿದ್ದೊಡನೆ ಇಡೀ ಸೇನೆ ಏಕೆ ಚದರಿತೆಂದು ಕೇಳಿದರೆ, ಹೆಸರಿಗೊಬ್ಬ ಅರಸ, ಅಧಿಕಾರಕ್ಕೊಬ್ಬ ಅ್ಳಿಯ ಎಂಬ ವ್ಯವಸ್ಥೆಯನ್ನು ಹೇಳಬೇಕು. ಎಲ್ಲ ಸೂತ್ರಗಳೂ ಒಂದೇ ಕೈಯಲ್ಲಿದ್ದುವು, ಆ ಕೈ ತುಂಡಾಯಿತು. ಪರಸ್ಪರ ವೈರಿಗಳಾದ ನಾಲ್ವರು ಏಕೆ ಒಂದಾದರೆಂದು ಕೇಳಿದರೆ, ಇಪ್ಪತ್ತು ವರ್ಷ ಅವರನ್ನು ಒಬ್ಬರ ಮೇಲೊಬ್ಬರನ್ನು ಬಿಟ್ಟು, ಪ್ರತಿಸಲವೂ ಗೆದ್ದವನಿಗಿಂತ ಹೆಚ್ಚಿನ ಲಾಭವನ್ನು ತಾನು ಪಡೆದ ರಾಮರಾಯನ ಚಾತುರ್ಯವನ್ನೇ ಹೇಳಬೇಕು. ಎಲ್ಲರನ್ನೂ ಒಂದೊಂದು ಸಲ ಆಡಿಸಿದವನಿಗೆ ಕೊನೆಗೆ ನಂಬಿಕೆಯ ಮಿತ್ರನೊಬ್ಬನೂ ಉಳಿಯಲಿಲ್ಲ.

ಮೂರನೆಯ ವಿಚಾರವು ಪಟ್ಟಣದ್ದು. ಇಲ್ಲಿ ಲೇಖನಿಗಳನ್ನು ಬಿಟ್ಟು ನೆಲದ ಬಳಿಗೆ ಹೋಗಬೇಕು. ೧೯೮೦ರಿಂದ ಜಾನ್ ಫ್ರಿಟ್ಸ್ ಮತ್ತು ಜಾರ್ಜ್ ಮಿಶೆಲ್ ಎಂಬವರು ಹಂಪೆಯ ಕಟ್ಟಡಗಳನ್ನು ಒಂದೊಂದಾಗಿ ಅಳೆದು ನಕ್ಷೆ ಬರೆದರು. ಪುರಾತತ್ತ್ವ ಶಾಖೆಯವರು ಅರಮನೆಗಳ ನೆಲಗಟ್ಟುಗಳನ್ನು ಅಗೆದಾಗ ಮರದ ಕಂಬಗಳು ಸುಟ್ಟ ಗುರುತುಗಳು ಸಿಕ್ಕಿದುವು. ಬೆಂಕಿ ಬಿದ್ದುದು ನಿಜ. ಆದರೆ ಪೆಟ್ಟು ಎಲ್ಲೆಡೆಯಲ್ಲಿಯೂ ಸಮವಾಗಿ ಬಿದ್ದಿಲ್ಲ. ಅರಮನೆಗಳು ಸುಟ್ಟಿವೆ, ರಾಯರ ವಿಶೇಷ ಪೋಷಣೆಯಲ್ಲಿದ್ದ ವಿಠ್ಠಲ, ಕೃಷ್ಣ ಮೊದಲಾದ ಗುಡಿಗಳು ಪೂಜೆಯಿಲ್ಲದಂತಾಗಿವೆ. ವಿರೂಪಾಕ್ಷನ ಗುಡಿ ನಿಂತಿದೆ, ಅಲ್ಲಿ ಪೂಜೆ ನಡೆಯುತ್ತಿದೆ. ೨೦೧೩ರಲ್ಲಿ ಮಾರ್ಕ್ ಲೈಸೆಟ್ ಮತ್ತು ಕ್ಯಾಥ್ಲೀನ್ ಮಾರಿಸನ್ ಎಂಬ ಪುರಾತತ್ತ್ವಜ್ಞರು ಇದನ್ನೆಲ್ಲ ತೂಗಿ ನೋಡಿ, ಗೆದ್ದವರು ಆರಿಸಿ ಹೊಡೆದರು, ಅವರ ಗುರಿ ರಾಜಾಧಿಕಾರದ ಗುರುತುಗಳ ಮೇಲಿತ್ತು ಎಂದು ಅಭಿಪ್ರಾಯಪಟ್ಟರು.

ಇದಕ್ಕೆ ಆಕ್ಷೇಪವೂ ಉಂಟು. ಕಲ್ಲು ತಾನು ಯಾವ ವರ್ಷದಲ್ಲಿ ಒಡೆಯಿತೆಂದು ಹೇಳುವುದಿಲ್ಲ. ನಿಧಿಗಾಗಿ ಅಗೆದವರು ಅನಂತರದ ಶತಮಾನಗಳಲ್ಲಿಯೂ ಇದ್ದರು. ವಿರೂಪಾಕ್ಷನ ಗೋಪುರಗಳಿಗೆ ಹತ್ತೊಂಬತ್ತನೆಯ ಶತಮಾನದಲ್ಲಿ ದುರಸ್ತಿಯಾಯಿತು. ಪೂಜೆಯಿದ್ದ ಗುಡಿಗೆ ದುರಸ್ತಿಯಾಗುತ್ತದೆ, ಪೂಜೆಯಿಲ್ಲದ ಗುಡಿ ತಾನಾಗಿ ಬೀಳುತ್ತದೆ. ಈ ಆಕ್ಷೇಪವನ್ನು ಒಪ್ಪಿದರೂ, ಕಣ್ಣಿಗೆ ಸಿಕ್ಕಿದುದನ್ನೆಲ್ಲ ಆರು ತಿಂಗಳಲ್ಲಿ ನೆಲಸಮಮಾಡಿದರೆಂಬ ಕಥೆ ಮಾತ್ರ ನಿಲ್ಲುವುದಿಲ್ಲ. ಕಮಲಮಹಲೆಂದು ಕರೆಯುವ ಕಟ್ಟಡವೂ ಆನೆಲಾಯವೂ ಇಂದಿಗೂ ನಿಂತಿವೆ. ಮನೆಗಳು ನಿಂತಿದ್ದುವೆಂದು ಫ್ರೆಡರಿಕನು ೧೫೬೭ರಲ್ಲಿ ಕಂಡು ಬರೆದ ಮಾತು ಇಲ್ಲಿ ನೆಲದ ಸಾಕ್ಷ್ಯದೊಡನೆ ಕೂಡುತ್ತದೆ.

ಹಾಗಾದರೆ ಪಟ್ಟಣ ಹಾಳುಬಿದ್ದುದೇಕೆ? ಸುತ್ತಣ ಸೀಮೆಯನ್ನು ನೋಡಿದರೆ ಉತ್ತರ ಹೊಳೆಯುತ್ತದೆ. ರಾಜಧಾನಿಯ ದಕ್ಷಿಣಕ್ಕೆ ಸಂಡೂರಿನ ಬೆಟ್ಟಗಳು ಗೋಡೆಯಂತೆ ನಿಂತಿವೆ. ಆ ಬೆಟ್ಟಗಳಿಗೂ ಕಂಪ್ಲಿಯ ಬಯಲಿಗೂ ನಡುವೆ ದರೋಜಿಯ ಕಣಿವೆ. ಮಾರಿಸನ್ ಮತ್ತು ಕಾರ್ಲಾ ಸಿನೊಪೊಲಿ ಇವರು ಕಳೆದ ಶತಮಾನದ ಕೊನೆಯ ಭಾಗದಲ್ಲಿ ಈ ಸೀಮೆಯ ಕೆರೆ, ಕಾಲುವೆ, ಹಳ್ಳಿಗಳನ್ನು ಹೆಜ್ಜೆಹೆಜ್ಜೆಗೂ ನಡೆದು ದಾಖಲೆ ಮಾಡಿದರು. ಲಕ್ಷಾಂತರ ಜನರ ಅನ್ನಕ್ಕಾಗಿ ಇಲ್ಲಿ ಕೆರೆಗಳ ಮೇಲೆ ಕೆರೆಗಳನ್ನು ಕಟ್ಟಿದ್ದರು. ರಾಯರ ಕಾಲದ ತುರ್ತು ಕಾಲುವೆಯೂ ಬಸವಣ್ಣ ಕಾಲುವೆಯೂ ಇಂದಿಗೂ ತುಂಗಭದ್ರೆಯ ನೀರನ್ನು ಗದ್ದೆ ತೋಟಗಳಿಗೆ ಹಾಯಿಸುತ್ತಿವೆ. ಕೃಷ್ಣದೇವರಾಯನ ನಾಗಲಾಪುರವು ಹೊಸಪೇಟೆಯಾಗಿ ಬಾಳಿತು. ಕಂಪ್ಲಿಯಂತೂ ೧೩೨೭ರಲ್ಲಿ ಡಿಲ್ಲಿಯ ಸೇನೆಗೆ ಸಿಕ್ಕಿ ನಾಶವಾಗಿದ್ದರೂ, ಹತ್ತು ವರ್ಷ ಕಳೆಯುವುದರೊಳಗೆ ಅದರ ಪಕ್ಕದಲ್ಲಿಯೇ ವಿಜಯನಗರವು ಮೊಳೆಯಿತು. ಸೋಲೊಂದರಿಂದಲೇ ಒಂದು ಸೀಮೆ ಸಾಯುವುದಿಲ್ಲ.

ಸೀಮೆ ಉಳಿಯಿತು, ಪಟ್ಟಣ ಉಳಿಯಲಿಲ್ಲ. ಏಕೆಂದರೆ ಆ ಪಟ್ಟಣವು ಆಸ್ಥಾನಕ್ಕಾಗಿ ಬೆಳೆದ ಪಟ್ಟಣ. ಅಲ್ಲಿಯ ವರ್ತಕರು, ಶಿಲ್ಪಿಗಳು, ರಾವುತರು, ಗುಡಿಗಳ ಪರಿಚಾರಕರು ಎಲ್ಲರೂ ಅರಮನೆಯ ವೆಚ್ಚದಿಂದ ಬದುಕಿದವರು. ತಿರುಮಲನು ಹಿಂದಿರುಗಿ ಬಂದು ಪಟ್ಟಣವನ್ನು ಮತ್ತೆ ತುಂಬಿಸಲು ಯತ್ನಿಸಿದನೆಂದು ಫ್ರೆಡರಿಕನು ಹೇಳುತ್ತಾನೆ. ಕುದುರೆಗಳಿಗಾಗಿ ವರ್ತಕರನ್ನು ಆಶೆತೋರಿಸಿ ಕರೆಸಿಕೊಂಡು, ಕುದುರೆಗಳನ್ನು ತೆಗೆದುಕೊಂಡು, ಹಣವನ್ನು ಕೊಡದೆ ಕಳುಹಿಸಿದನಂತೆ. ಬರಿದಾದ ಭಂಡಾರದ ಚಿತ್ರವಿದು. ಕೊನೆಗೆ ಆಸ್ಥಾನವು ಪೆನುಕೊಂಡೆಯಲ್ಲಿಯೇ ನೆಲೆಸಿತು. ಕೊಳ್ಳೆಯು ಪಟ್ಟಣವನ್ನು ಗಾಯಗೊಳಿಸಿತು. ಆಸ್ಥಾನವು ತಿರುಗಿ ಬಾರದುದರಿಂದ ಆ ಗಾಯವು ಮಾಯಲಿಲ್ಲ. ಹೀಗೆಂದು ನಮ್ಮ ನಿರ್ಣಯ.

ಸಂಡೂರಿನ ಹೆಸರು ಬಂದುದರಿಂದ ಇನ್ನೊಂದು ಮಾತು. ೧೯೪೯ರ ವರೆಗೆ ಆ ಸಣ್ಣ ಸಂಸ್ಥಾನವನ್ನು ಆಳಿದ ಘೋರ್ಪಡೆಯವರು ಮರಾಠರು. ಅವರ ಪೂರ್ವಿಕರು ಬಿಜಾಪುರದ ಸುಲ್ತಾನರ ಸೇವೆಯಲ್ಲಿದ್ದವರು. ಅವರ ಆಡಳಿತದಲ್ಲಿಯೇ ಸಂಡೂರಿನ ಬೆಟ್ಟದ ಮೇಲಿನ ಕುಮಾರಸ್ವಾಮಿಗೆ ಪೂಜೆ ನಡೆದುಕೊಂಡು ಬಂತು. ದಖ್ಖನದಲ್ಲಿ ಒಡೆಯನ ಮತವೊಂದು, ಸೇವಕನ ಮತವೊಂದು, ಪ್ರಜೆಯ ಭಾಷೆಯೊಂದು ಆಗಿದ್ದುದು ನಿತ್ಯದ ಸಂಗತಿ. ಈ ನೆಲದ ಚರಿತ್ರೆಯನ್ನು ಎರಡೇ ಬಣ್ಣಗಳಲ್ಲಿ ಬರೆಯಹೊರಟವರು ನಡುವಣ ಈ ಜನರನ್ನೆಲ್ಲ ಅಳಿಸಿಬಿಡಬೇಕಾಗುತ್ತದೆ.

ಈ ವಿಚಾರವು ಪಂಡಿತರ ಕಾಲಕ್ಷೇಪವೆಂದು ಯಾರೂ ತಿಳಿಯಬಾರದು. ಹಂಪೆಗೆ ಪ್ರತಿವರ್ಷವೂ ಬರುವ ವಿದ್ಯಾರ್ಥಿಗಳು ಉಗ್ರನರಸಿಂಹನ ಮುಂದೆ ನಿಂತು, ಒಡೆದವರು ಯಾರೆಂದು ಕೇಳುತ್ತಾರೆ. ಒಂದೇ ಪದದ ಉತ್ತರವನ್ನು ಕೊಟ್ಟುಬಿಟ್ಟರೆ, ಆ ಹುಡುಗನು ಅದನ್ನು ಕಟ್ಟಿಕೊಂಡು ಊರಿಗೆ ಹೋಗುತ್ತಾನೆ. ೧೫೬೫ರ ಲೆಕ್ಕವನ್ನು ತನ್ನ ಬೀದಿಯ ನೆರೆಯವನಿಂದ ವಸೂಲು ಮಾಡಲು ನೋಡುತ್ತಾನೆ. ಏನೂ ಆಗಲಿಲ್ಲ, ಯಾರೂ ಒಡೆಯಲಿಲ್ಲ ಎಂದರೆ, ಕಣ್ಣೆದುರಿನ ಕಲ್ಲೇ ಅದನ್ನು ಸುಳ್ಳುಮಾಡುತ್ತದೆ. ಮುಂದೆ ಅವನು ಕಲಿತವರ ಮಾತನ್ನು ನಂಬುವುದಿಲ್ಲ. ನಾಲ್ವರು ಸುಲ್ತಾನರ ಸೇನೆಗಳು ಇದನ್ನು ಕೊಳ್ಳೆಹೊಡೆದುವು, ಸುಟ್ಟುವು, ಗುಡಿಗಳನ್ನು ಕೆಡಿಸಿದುವು. ಅವರನ್ನು ಇಲ್ಲಿಗೆ ತಂದುದು ರಾಜ್ಯಲೋಭವೂ ಹಳೆಯ ಸೇಡೂ ರಾಮರಾಯನ ಅತಿಚಾತುರ್ಯವೂ. ಅವರ ಸೇನೆಗಳಲ್ಲಿಯೂ ರಾಯನ ಸೇನೆಯಲ್ಲಿಯೂ ಎರಡು ಮತಗಳವರೂ ಇದ್ದರು. ಅರಸರು ಬಿಟ್ಟುಹೋದ ಮೇಲೆ ಪಟ್ಟಣ ಪಾಳುಬಿತ್ತು, ರೈತರು ಬಿಟ್ಟುಹೋಗಲಿಲ್ಲ. ಇಷ್ಟನ್ನು ಹೇಳಲು ಅರ್ಧ ಗಳಿಗೆ ಸಾಕು.

ಪಂಡಿತರು ತಮ್ಮಲ್ಲಿ ಒಪ್ಪುವುದಿಲ್ಲವಾದುದರಿಂದ ಯಾವುದನ್ನೂ ನಂಬಲಾಗದೆಂದು ಕೆಲವರು ಹೇಳುವುದುಂಟು. ಅದು ಸರಿಯಲ್ಲ. ಸೀವೆಲ್ಲರು ಆಕರಗಳನ್ನು ತಂದರು. ಹೆರಾಸರು ಕಥೆಯ ಮುಂದಿನ ಭಾಗವನ್ನು ತಂದರು. ನಮ್ಮ ವಿದ್ವಾಂಸರು ಶಾಸನಗಳನ್ನು ಓದಿದರು. ಶೇರ್ವಾನಿಯವರು ಗೋಲ್ಕೊಂಡದ ಕಡೆಯಿಂದ ನೋಡಿದರು. ಈಟನ್ ವ್ಯಾಗನರರು ಆಸ್ಥಾನದೊಳಕ್ಕೆ ಹೊಕ್ಕರು. ಮಾರಿಸನ್ನರು ಹೊಲಗದ್ದೆಗಳಲ್ಲಿ ನಡೆದರು. ಒಬ್ಬೊಬ್ಬರೂ ಹಿಂದಿನವರ ಒಂದೊಂದು ಕುಂದನ್ನು ತುಂಬಿದ್ದಾರೆ. ಸಾಕ್ಷಿ ಹೇಳಿದವನು ಅದನ್ನು ಕಂಡನೋ ಕೇಳಿದನೋ, ಯಾರ ಅನ್ನವನ್ನುಂಡು ಬರೆದನು, ಅವನ ಮಾತಿಗೆ ಬೇರೆ ಕಡೆಯ ಬೆಂಬಲವುಂಟೋ ಎಂಬ ಮೂರು ಪ್ರಶ್ನೆಗಳನ್ನು ಕೇಳುವ ಅಭ್ಯಾಸವಿದ್ದರೆ ಸಾಮಾನ್ಯ ಓದುಗನೂ ಈ ವಿವಾದದಲ್ಲಿ ದಾರಿತಪ್ಪುವುದಿಲ್ಲ. ಹೊರನಾಡಿನ ಯುದ್ಧಗಳ ವಾರ್ತೆಯನ್ನು ದಿನವೂ ಕೇಳುವ ಈ ಕಾಲದಲ್ಲಿ, ಮನೆಯಂಗಳದ ಹಳೆಯ ಯುದ್ಧವೊಂದರ ಮೇಲೆ ಆ ಅಭ್ಯಾಸವನ್ನು ಮಾಡಿಕೊಂಡರೆ ನಷ್ಟವೇನೂ ಇಲ್ಲ.